ಮಿಯಗಾವ್‌ಗೆ ಎರಡು ದಿನ ಸಾಲದು

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವಳು. ಹದಿನೆಂಟು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನಮ್ಮ ಯಜಮಾನರು ಫಿಲಿಪೀನ್ಸ್‌ನವರು. ಪನಾಯ್ ದ್ವೀಪದ ಇಲೊಇಲೊ ಪ್ರಾಂತ್ಯದ ಮಿಯಗಾವ್ ಎಂಬ ಊರಲ್ಲಿ ಹುಟ್ಟಿ, ಏಳನೇ ವಯಸ್ಸಿಗೆ ನರ್ಸ್ ಆಗಿದ್ದ ಅಮ್ಮನ ಜೊತೆ ಅಮೆರಿಕಕ್ಕೆ ಬಂದವರು. ಆಮೇಲೆ ಒಂದು ಸಲವೂ ಹೋಗಿಲ್ಲ. ಅತ್ತೆ ಮೂರು ವರ್ಷದ ಹಿಂದೆ ತೀರಿಕೊಂಡರು. ಅವರಿದ್ದಷ್ಟು ದಿನ ಊರಿನ ಸುದ್ದಿ ಬರುತ್ತಿತ್ತು, ಈಗ ನಿಂತಿದೆ. ಅಲ್ಲಿ ಅತ್ತೆಯ ಅಕ್ಕ ಇದ್ದಾರೆ, 81 ವರ್ಷ. ಅವರ ಮೊಮ್ಮಗಳು ಫೇಸ್‌ಬುಕ್‌ನಲ್ಲಿ ಸಿಕ್ಕಿದ್ದಾಳೆ. ಡಿಸೆಂಬರ್‌ನಲ್ಲಿ 18 ದಿನ ಹೋಗುತ್ತಿದ್ದೇವೆ: ಮನಿಲಾ 3, ಎಲ್ ನಿಡೊ 5, ಬೊರಾಕಾಯ್ 5, ಸೆಬು 3, ಮಿಯಗಾವ್ 2. ಮಗಳಿಗೆ 14, ಮಗನಿಗೆ 9. ಇಬ್ಬರೂ ಆ್ಯಪ್‌ನಲ್ಲಿ ತಗಾಲೊಗ್ ಭಾಷೆ ಕಲಿಯುತ್ತಿದ್ದಾರೆ. ಇವರಿಗೆ ಮಾತ್ರ ಒಳಗೊಳಗೇ ಅಳುಕು. ‘ಭಾಷೆ ಬರಲ್ಲ, ಯಾವ ಮುಖ ಇಟ್ಕೊಂಡು ಹೋಗ್ಲಿ’ ಅಂತಾರೆ. ನಾನು ಸಸ್ಯಾಹಾರಿ. ಏನು ತಗೊಂಡು ಹೋಗಬೇಕು, ದುಡ್ಡು ಕೇಳಿದರೆ ಏನು ಮಾಡಬೇಕು, ಎಲ್ಲವನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರ ಓದಿ ನಾನು ಮೊದಲು ನೋಡಿದ್ದು ಆ ದಿನಗಳ ಲೆಕ್ಕವನ್ನು. ಎಲ್ ನಿಡೊ 5, ಮಿಯಗಾವ್ 2. ನೀವು ಹೊರಟಿರುವುದು ಸಮುದ್ರ ನೋಡಲಿಕ್ಕಾದರೆ ಈ ಲೆಕ್ಕ ಸರಿ. ಆದರೆ ಪತ್ರದಲ್ಲಿ ಸಮುದ್ರದ ಬಗ್ಗೆ ಒಂದು ಸಾಲೂ ಇಲ್ಲ. ಇರುವುದೆಲ್ಲ ಮಿಯಗಾವ್ ಬಗ್ಗೆ. ಹಾಗಾಗಿ ನನ್ನ ಮೊದಲ ಮಾತು: ಎಲ್ ನಿಡೊ, ಸೆಬು ಎರಡನ್ನೂ ಕೈಬಿಡಿ. ಮಿಯಗಾವ್‌ಗೆ ಕನಿಷ್ಠ 10 ದಿನ ಇಡಿ.

ಯಾಕೆ ಅಂದರೆ, ಮೊದಲ ಎರಡು ದಿನ ನೀವು ಅಲ್ಲಿ ಬರೀ ಅತಿಥಿಗಳು. ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿ ಬರುತ್ತವೆ. ಇಡೀ ಹಂದಿ ಸುಡುತ್ತಾರೆ. ಬಾಡಿಗೆಗೆ ತಂದ ಕರೋಕೆ ಮಷಿನ್ ಮಧ್ಯರಾತ್ರಿವರೆಗೆ ಹಾಡುತ್ತೆ. ನಲವತ್ತು ಜನ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಯಾರು ಯಾರ ಮಗ ಅಂತ ತಲೆಗೆ ಹತ್ತುವುದಿಲ್ಲ. ಮೂರನೇ ದಿನ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಆ ಅಜ್ಜಿ, ಸೊಪ್ಪು ಬಿಡಿಸುವ ಒಬ್ಬ ಸೊಸೆ, ಅಂಗಳದಲ್ಲಿ ಒಂದು ನಾಯಿ. ಮಾತು ಶುರುವಾಗುವುದು ಆವಾಗ. ನಿಮ್ಮ ಈಗಿನ ಲೆಕ್ಕದಲ್ಲಿ ಆ ಹೊತ್ತಿಗೆ ನೀವು ವಿಮಾನ ನಿಲ್ದಾಣದಲ್ಲಿರುತ್ತೀರಿ.

ನಾನು ಫಿಲಿಪೀನ್ಸ್‌ನಲ್ಲಿ ಹನ್ನೊಂದು ವರ್ಷ ಇದ್ದವಳು. ಭತ್ತದ ಸಂಶೋಧನಾ ಸಂಸ್ಥೆ ಇರುವ ಲಾಸ್ ಬಾನ್ಯೊಸ್‌ನಲ್ಲಿ ನಮ್ಮ ಮನೆ. ಹೊರದೇಶದಲ್ಲಿ ಬೆಳೆದು ರಜೆಗೆ ಬರುತ್ತಿದ್ದ ಮಕ್ಕಳಿಗೆ ಭಾಷೆ ಹೇಳಿಕೊಡುತ್ತಿದ್ದೆ. ಹತ್ತು ಊರು ಸುತ್ತಿದ ಮಕ್ಕಳಿಗೆ ಬೀಚ್‌ಗಳ ಹೆಸರೇ ಕಲಸಿಹೋಗುತ್ತಿತ್ತು. ಒಂದೇ ಮನೆಯಲ್ಲಿ ಎರಡು ವಾರ ಕೂತ ಮಕ್ಕಳು ಮಾತ್ರ ಮುಂದಿನ ವರ್ಷ ತಾವಾಗಿಯೇ ‘ಮತ್ತೆ ಹೋಗೋಣ’ ಅನ್ನುತ್ತಿದ್ದರು.

ಇನ್ನು ಆ ಆ್ಯಪ್. ಮಕ್ಕಳು ತಗಾಲೊಗ್ ಕಲಿಯುವುದು ತಪ್ಪಲ್ಲ. ಆದರೆ ಮಿಯಗಾವ್‌ನ ಮನೆಮಾತು ತಗಾಲೊಗ್ ಅಲ್ಲ. ಇಲೊಇಲೊ ನಗರದಲ್ಲಿ ಹಿಲಿಗಾಯ್ನೊನ್ ಆಡುತ್ತಾರೆ. ನಗರದಿಂದ ಸುಮಾರು 40 ಕಿ.ಮೀ. ದೂರದ ಮಿಯಗಾವ್ ಕಡೆ ಆಡುವುದು ಕಿನರಾಯ್-ಅ. ತಗಾಲೊಗ್‌ನಲ್ಲಿ ಮಳೆಗೆ ‘ಉಲಾನ್’, ಇವರಲ್ಲಿ ‘ಉರಾನ್’. ‘ಇಲ್ಲ’ ಅನ್ನಲು ಅವರಲ್ಲಿ ‘ವಲಾ’, ಇವರಲ್ಲಿ ‘ವರಾ’. ಶಾಲೆಯಿಂದ, ಟೀವಿಯಿಂದ ಎಲ್ಲರಿಗೂ ತಗಾಲೊಗ್ ಅರ್ಥ ಆಗುತ್ತೆ. ಆದರೂ ಉಡುಪಿಯಲ್ಲಿ ತುಳು ಆಡುವ ಅಜ್ಜಿಯ ಮನೆಗೆ ಹೋಗಿ ಹಿಂದಿಯಲ್ಲಿ ಮಾತಾಡಿದ ಹಾಗಿರುತ್ತೆ ಅದು. ಅಜ್ಜಿ ನಗುತ್ತಾರೆ, ಉತ್ತರವನ್ನೂ ಕೊಡುತ್ತಾರೆ. ಆದರೆ ಮೊಮ್ಮಕ್ಕಳು ಮನೆಗೆ ಬಂದರು ಅಂತ ಅನ್ನಿಸುವುದಿಲ್ಲ.

ಇಡೀ ಭಾಷೆ ಕಲಿಯಬೇಕಿಲ್ಲ. ಆ ಮೊಮ್ಮಗಳಿಗೆ ಮೆಸೆಂಜರ್‌ನಲ್ಲಿ ಹೇಳಿ, ಅಜ್ಜಿಯ ದನಿಯಲ್ಲೇ ಹತ್ತು ಮಾತು ರೆಕಾರ್ಡ್ ಮಾಡಿ ಕಳಿಸಲಿ. ‘ಸಲಾಮತ್ ಗಿದ್’ ಅಂದರೆ ತುಂಬಾ ಥ್ಯಾಂಕ್ಸ್. ‘ನಮಿತ್ ಗಿದ್’ ಅಂದರೆ ಬಹಳ ರುಚಿ. ಈ ‘ಗಿದ್’ ಅವರ ಬಾಯಿಗೆ ಅಂಟಿಕೊಂಡ ಪದ. ನಾವು ‘ತುಂಬಾನೇ’, ‘ನಿಜವಾಗ್ಲೂನೇ’ ಅಂತ ಎಳೆಯುತ್ತೇವಲ್ಲ, ಆ ಎಳೆತವೇ ಇದು. ಮಕ್ಕಳಿಗೆ ಮುಖ್ಯವಾಗಿ ಬೇಕಾದ್ದು ಒಂದೇ ವಾಕ್ಯ: ‘ಅಪೊ ಅಕೊ ನಿ’, ಅದರ ಮುಂದೆ ನಿಮ್ಮ ಅತ್ತೆಯ ಹೆಸರು. ಅಂದರೆ ‘ನಾನು ಇಂಥವರ ಮೊಮ್ಮಗ’. ಊರಿನ ಯಾವ ಅಂಗಡಿಯಲ್ಲಿ ಈ ಮಾತು ಹೇಳಿದರೂ ಒಬ್ಬರಲ್ಲ ಒಬ್ಬರು ಒಳಗಿಂದ ಎದ್ದು ಬರುತ್ತಾರೆ.

ಅತ್ತೆಯ ಹೆಸರು ಅಂದೆ. ಊರಲ್ಲಿ ಅವರನ್ನು ಏನಂತ ಕರೆಯುತ್ತಿದ್ದರು, ಅದನ್ನು ಪತ್ತೆ ಮಾಡಿ. ಫಿಲಿಪೀನ್ಸ್‌ನಲ್ಲಿ ಕಾಗದದ ಹೆಸರಿಗೂ ಕರೆಯುವ ಹೆಸರಿಗೂ ಸಂಬಂಧವೇ ಇರಲ್ಲ. ಎಪ್ಪತ್ತು ದಾಟಿದ ಅಜ್ಜಿ ‘ಬೇಬಿ’, ಮೀಸೆ ಹಣ್ಣಾದ ಅಜ್ಜ ‘ಬಾಯ್’. ನಮ್ಮಲ್ಲೂ ಪುಟ್ಟಮ್ಮ, ಚಿಕ್ಕಣ್ಣ ಅಂತ ಇರುತ್ತಾರಲ್ಲ, ಹಾಗೇ.

ಈಗ ನಿಮ್ಮ ಯಜಮಾನರ ವಿಷಯ. ಉಳಿದದ್ದೆಲ್ಲ ವ್ಯವಸ್ಥೆಯ ಮಾತು, ಇದೊಂದು ಮನಸ್ಸಿನ ಮಾತು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಏಳು ವರ್ಷದ ಹುಡುಗನಿಗೆ ಒಂದು ಭಾಷೆ ಪೂರ್ತಿ ಬಂದಿರುತ್ತೆ. ಅದು ಎಲ್ಲೂ ಹೋಗಿರುವುದಿಲ್ಲ, ಅಟ್ಟದ ಮೇಲೆ ಬಿದ್ದಿರುತ್ತೆ. ಇವರ ಹಾಗೆ ಚಿಕ್ಕಂದಿನಲ್ಲೇ ಊರು ಬಿಟ್ಟು ನಲವತ್ತು ದಾಟಿದ ಮೇಲೆ ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ಮೊದಲು ನೆನಪಾಗುವುದು ಬೈಗುಳ. ಆಮೇಲೆ ತಿಂಡಿಯ ಹೆಸರು. ಆಮೇಲೆ ಮೈಕೈ ಹೆಸರು. ವಾಕ್ಯ ಕಟ್ಟುವುದು ಬರದೇ ಇರಬಹುದು, ಆದರೆ ನಾಲ್ಕೈದು ದಿನದಲ್ಲಿ ಅರ್ಥ ಆಗಲು ಶುರುವಾಗುತ್ತೆ. ಮಾತಾಡು ಮಾತಾಡು ಅಂತ ಯಾರೂ ಒತ್ತಾಯ ಮಾಡದಿರಲಿ, ನೀವಂತೂ ಬೇಡವೇ ಬೇಡ. ಅಂದಹಾಗೆ, ‘ಯಾವ ಮುಖ ಇಟ್ಕೊಂಡು’ ಅಂತಾರಲ್ಲ, ತಗಾಲೊಗ್‌ನಲ್ಲೂ ಮುಖಕ್ಕೆ ‘ಮುಖಾ’ ಅಂತಲೇ ಹೇಳುವುದು. ಗುರುವಿಗೆ ‘ಗುರೊ’, ಆಸೆಗೆ ‘ಅಸಾ’, ದೇವತೆಗೆ ‘ದಿವಾತಾ’. ಮಗಳಿಗೆ ಹೇಳಿ, ಅವಳಿಗೆ ಖುಷಿಯಾಗಬಹುದು.

ಆದರೆ ಅವರ ಅಳುಕು ಬರೀ ಭಾಷೆಯದ್ದಲ್ಲ ಅಂತ ನನಗೆ ಅನ್ನಿಸುತ್ತೆ. ಅತ್ತೆ ಹೋಗಿ ಮೂರು ವರ್ಷ ಆಯ್ತು ಅಂದಿರಿ. ಅಂತ್ಯಕ್ರಿಯೆ ಕ್ಯಾಲಿಫೋರ್ನಿಯಾದಲ್ಲೇ ಆಗಿರಬೇಕು. ಫಿಲಿಪೀನ್ಸ್‌ನ ಕ್ರೈಸ್ತ ಮನೆಗಳಲ್ಲಿ ಸಾವಿನ ನಂತರ ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತೆ. ನಲವತ್ತನೇ ದಿನ ಒಂದು, ವರ್ಷ ತುಂಬಿದಾಗ ಇನ್ನೊಂದು. ನಮ್ಮ ಹನ್ನೊಂದನೇ ದಿನ, ವರ್ಷಾಂತಿಕ ಇದ್ದ ಹಾಗೆ. ನಿಮ್ಮ ಅತ್ತೆಗಾಗಿ ಮಿಯಗಾವ್‌ನಲ್ಲಿ ಅವರಕ್ಕ ಆ ಒಂಬತ್ತು ದಿನ ನಡೆಸಿರುವ ಸಾಧ್ಯತೆ ಬಹಳ. ಮೇಜಿನ ಮೇಲೆ ಫೋಟೋ, ಪಕ್ಕದಲ್ಲಿ ಮೇಣದ ಬತ್ತಿ, ಸಂಜೆ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಜಪಮಾಲೆ. ಮಗ ಇದ್ದದ್ದು ಒಂದು ಸಮುದ್ರದ ಆಚೆ. ಅವರು ಅತ್ತದ್ದು ಇವರಿಗೆ ಗೊತ್ತಿಲ್ಲ, ಇವರು ಅತ್ತದ್ದು ಅವರಿಗೆ ಗೊತ್ತಿಲ್ಲ. ಆ ಮೊಮ್ಮಗಳನ್ನು ಒಂದು ಮಾತು ಕೇಳಿ ನೋಡಿ: ‘ಆಗ ಅಲ್ಲಿ ಏನು ಮಾಡಿದ್ರಿ?’

ಅದಕ್ಕೇ ಹೇಳುತ್ತೇನೆ, ಅಲ್ಲಿ ಮಾಡುವ ಮೊದಲ ಕೆಲಸ ಊಟವೂ ಅಲ್ಲ, ಉಡುಗೊರೆಯೂ ಅಲ್ಲ. ಯಜಮಾನರ ಅಜ್ಜ ಅಜ್ಜಿಯ ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚಿ. ಆಮೇಲೆ ಚರ್ಚ್ ಕಚೇರಿಗೆ ಹೋಗಿ ಅತ್ತೆಯ ಹೆಸರಿಗೆ ಪೂಜೆ ಬರೆಸಿ. ಒಂದು ಚೀಟಿಯಲ್ಲಿ ಹೆಸರು ಬರೆದು, ಕೈಲಾದಷ್ಟು ಕಾಣಿಕೆ ಕೊಟ್ಟರೆ ಆಯ್ತು. ಪೂಜೆಯ ಹೊತ್ತಿಗೆ ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನೀವು ಹೋಗುವ ಕಾಲವೂ ಹೇಳಿ ಮಾಡಿಸಿದ ಹಾಗಿದೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಕೋಳಿ ಕೂಗುವ ಹೊತ್ತಿಗೆ, ಬೆಳಗಿನ ನಾಲ್ಕರ ಸುಮಾರಿಗೆ ಪೂಜೆ ಇರುತ್ತೆ. ‘ಮಿಸಾ ದೆ ಗಾಯೊ’ ಅಂತ ಹೆಸರು, ಅರ್ಥವೂ ಅದೇ, ಹುಂಜದ ಪೂಜೆ. ನಮ್ಮ ಧನುರ್ಮಾಸದ ಹಾಗೆ ಅಂದುಕೊಳ್ಳಿ. ತಿಂಗಳೂ ಅದೇ, ಚಳಿ ಮಾತ್ರ ಇಲ್ಲ. ಹೊರಗೆ ಬಂದರೆ ಮೇಲೂ ಕೆಂಡ, ಕೆಳಗೂ ಕೆಂಡ ಇಟ್ಟು ಬೇಯಿಸಿದ ಬಿಬಿಂಕಾ ಸಿಗುತ್ತೆ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಅಡಿಗೆ ಬಾಳೆ ಎಲೆ. ಮೊಟ್ಟೆ ಹಾಕುತ್ತಾರೆ, ನೋಡಿಕೊಳ್ಳಿ. ಹಾಗಾಗಿ 15ರ ರಾತ್ರಿಯೊಳಗೆ ಮಿಯಗಾವ್ ತಲುಪಿ.

ಆ ಚರ್ಚ್ ಅಂತೂ ನೋಡಲೇಬೇಕಾದ್ದು. 1797ರಲ್ಲಿ ಕಟ್ಟಿ ಮುಗಿಸಿದ್ದು, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಳದಿ ಮಣ್ಣಿನ ಬಣ್ಣದ ಕಲ್ಲು, ಕೋಟೆಯ ಹಾಗೆ ದಪ್ಪ ಗೋಡೆ. ಎರಡು ಗೋಪುರಗಳು ಒಂದರ ಹಾಗೆ ಇನ್ನೊಂದಿಲ್ಲ. ಮುಂಭಾಗದ ಕೆತ್ತನೆಯನ್ನು ಮಗನಿಗೆ ತೋರಿಸಿ. ಸಂತ ಕ್ರಿಸ್ಟೋಫರ್ ಬಾಲ ಯೇಸುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದಾನೆ. ಆಸರೆಗೆ ಹಿಡಿದಿರುವುದು ತೆಂಗಿನ ಮರ! ಪಕ್ಕದಲ್ಲಿ ಪರಂಗಿ ಗಿಡ, ಸೀಬೆ ಗಿಡ. ಯುರೋಪಿನ ಸಂತನನ್ನು ತಂದು ನಮ್ಮ ಹಿತ್ತಿಲಿನಂಥ ಹಿತ್ತಿಲಲ್ಲಿ ನಿಲ್ಲಿಸಿದ್ದಾರೆ ಅಲ್ಲಿನ ಕಲ್ಲುಕುಟಿಗರು.

ಮಕ್ಕಳಿಗೆ ಪಾಠ ಹೇಳಬೇಡಿ, ಒಂದು ಸ್ಥಾನ ಕೊಡಿ. ಹಿರಿಯರು ಎದುರಾದ ತಕ್ಷಣ ಅವರ ಕೈ ಹಿಡಿದು, ತಲೆ ಬಾಗಿಸಿ, ಅಂಗೈ ಹಿಂಭಾಗವನ್ನು ಹಣೆಗೆ ಮುಟ್ಟಿಸಿಕೊಳ್ಳುವುದು ಅಲ್ಲಿನ ನಮಸ್ಕಾರ. ಮನಿಲಾ ಕಡೆ ‘ಮಾನೊ’ ಅಂತಾರೆ, ಪನಾಯ್‌ನಲ್ಲಿ ‘ಬಿಸಾ’. ಮುತ್ತು ಕೊಡುವುದಲ್ಲ, ಬರೀ ಹಣೆಗೆ ತಾಗಿಸುವುದು. ಕಾಲಿಗೆ ಬಿದ್ದು ರೂಢಿ ಇರುವ ನಿಮ್ಮ ಮಕ್ಕಳಿಗೆ ಇದೇನು ಕಷ್ಟ ಅಲ್ಲ. ಬಂದ ತಕ್ಷಣ ಇಬ್ಬರೂ ತಾವಾಗಿ ಬಿಸಾ ಮಾಡಿದರೆ ಅರ್ಧ ಊರು ನಿಮ್ಮ ಕಡೆ. ಯಜಮಾನರ ದೊಡ್ಡಮ್ಮ ಮಕ್ಕಳಿಗೆ ‘ಲೋಲಾ’. ಅಜ್ಜಿಯ ಅಕ್ಕತಂಗಿಯರೆಲ್ಲ ಲೋಲಾನೇ. ವಯಸ್ಸಿನಲ್ಲಿ ದೊಡ್ಡವರಾದ ಅಣ್ಣಂದಿರು ‘ಮಾನೊಂಗ್’, ಅಕ್ಕಂದಿರು ‘ಮಾನಾಂಗ್’. ಆ್ಯಪ್ ಹೇಳಿಕೊಟ್ಟಿರುವ ‘ಕುಯಾ’, ‘ಆತೆ’ ತಗಾಲೊಗ್ ಕಡೆಯವು, ಚೀನಾದ ಹೊಕ್ಕಿಯೆನ್ ಭಾಷೆಯಿಂದ ಬಂದವು. ಬಳಸಿದರೆ ತಪ್ಪೇನಿಲ್ಲ.

ಮಗಳಿಗೆ ಮಾತ್ರ ಒಂದು ವಿಷಯ ಮೊದಲೇ ಹೇಳಿ. ಅಲ್ಲಿ ಕಂಡ ತಕ್ಷಣ ‘ದಪ್ಪ ಆಗಿದ್ದೀಯ’ ಅನ್ನುತ್ತಾರೆ. ‘ತಂಬೊಕ್’ ಅನ್ನುವ ಪದ ಕಿವಿಗೆ ಬಿದ್ದರೆ ಅದೇ. ಬಣ್ಣದ ಬಗ್ಗೆಯೂ ಮಾತು ಬರಬಹುದು. ಬೈಗುಳ ಅಲ್ಲ, ಕುಶಲ ಕೇಳುವ ರೀತಿ. ನಮ್ಮ ಅತ್ತೆ ಚಿಕ್ಕಮ್ಮಂದಿರೇನು ಕಡಿಮೆಯೇ, ‘ಯಾಕೆ ಹೀಗೆ ಕಪ್ಪಾಗಿದ್ದೀಯ’ ಅಂತ ಬಾಗಿಲಲ್ಲೇ ಕೇಳ್ತಾರೆ. ಆದರೆ ಹದಿನಾಲ್ಕು ವರ್ಷದ ಹುಡುಗಿಗೆ ಆ ವಿವರಣೆ ಆಮೇಲೆ ಹೇಳಿದರೆ ಸಮಾಧಾನ ಆಗಲ್ಲ, ಮೊದಲೇ ಹೇಳಿದ್ದರೆ ನಗು ಬರುತ್ತೆ. ಮಗನಿಗೆ ಇನ್ನೊಂದು ಗುಟ್ಟು: ಹುಬ್ಬು ಮೇಲೆತ್ತಿದರೆ ಹೂಂ ಅಂತ ಅರ್ಥ. ತುಟಿ ಚಾಚಿದರೆ ‘ಅಗೋ ಅಲ್ಲಿ’ ಅಂತ. ಬೆರಳು ತೋರಿಸುವ ಪದ್ಧತಿ ಕಡಿಮೆ. ಒಂಬತ್ತು ವರ್ಷದವನಿಗೆ ಒಂದು ದಿನ ಸಾಕು, ಮನೆಗೆ ಬಂದ ಮೇಲೂ ಬಿಡಲ್ಲ.

ಹೋಟೆಲ್ ಬೇಡ, ದೊಡ್ಡಮ್ಮನ ಮನೆಯಲ್ಲೇ ಮಲಗಿ. ಪೂರ್ತಿ ಅಲ್ಲದಿದ್ದರೂ ಮೊದಲ ಐದಾರು ರಾತ್ರಿ. ಸ್ನಾನಕ್ಕೆ ಬಕೆಟ್ಟು ಮತ್ತು ‘ತಾಬೊ’ ಇರುತ್ತೆ. ತಾಬೊ ಅಂದರೆ ನಮ್ಮ ಮಗ್ಗೇ. ಮಕ್ಕಳಿಗೆ ಹೊಸದಾಗಬಹುದು, ನಿಮಗಲ್ಲ.

ಇನ್ನು ಊಟ. ‘ವೆಜಿಟೇರಿಯನ್’ ಅನ್ನುವ ಪದ ಹೇಳಿ ಸುಮ್ಮನಾಗಬೇಡಿ. ತರಕಾರಿ ಅಂತಲೇ ಬಡಿಸುತ್ತಾರೆ, ಒಳಗೆ ಸೀಗಡಿ ಇರುತ್ತೆ. ರುಚಿಗೆ ಅಂತ ‘ಗಿನಾಮೊಸ್’, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಸೀಗಡಿ ಮೀನಿನ ಚಟ್ನಿ, ಬೀಳುತ್ತೆ. ‘ಮಾಂಸ ಇಲ್ಲ, ಮೀನಿಲ್ಲ, ಸೀಗಡಿ ಇಲ್ಲ, ಗಿನಾಮೊಸ್ ಇಲ್ಲ’ ಅಂತ ಬಿಡಿಸಿ ಹೇಳಿ. ಒಂದು ತಿಂಗಳ ಮುಂಚೆ ಹೇಳಿ, ಆ ಹೊತ್ತಿಗೆ ಅಲ್ಲ. ಯಜಮಾನರಿಗಾಗಿ ಹಂದಿ ಸುಡುತ್ತಾರೆ, ಅದನ್ನು ತಡೆಯಲು ಹೋಗಬೇಡಿ. ಪಂಕ್ತಿಯಲ್ಲಿ ನೀವೂ ಕೂತಿದ್ದರೆ ಸಾಕು.

ಆದರೆ ನಿಮಗೊಂದು ಸಿಹಿ ಸುದ್ದಿ ಇದೆ. ನೀವು ಮಲೆನಾಡಿನ ಕಡೆಯವರು ಅಂದ ತಕ್ಷಣ ನನಗೆ ಹೊಳೆದದ್ದು ಇದೇ. ಇಲೊಇಲೊ ಕಡೆ ಬಹಳ ಹೆಸರಾದ ಒಂದು ಸಾರು ಇದೆ, ಅದನ್ನು ಕೆ.ಬಿ.ಎಲ್. ಅಂತ ಚಿಕ್ಕದಾಗಿ ಕರೆಯುತ್ತಾರೆ. ‘ಕಾದ್ಯೊಸ್’ ಅಂದರೆ ತೊಗರಿಕಾಳು. ‘ಬಾಬೊಯ್’ ಅಂದರೆ ಹಂದಿ. ‘ಲಂಕಾ’ ಅಂದರೆ ಎಳೆ ಹಲಸಿನಕಾಯಿ. ಹುಳಿಗೆ ಹಾಕುವುದು ‘ಬಾತ್ವಾನ್’ ಎಂಬ ಹಸಿರು ಕಾಯಿ. ಅದು ನಮ್ಮ ಉಪ್ಪಾಗೆ, ಪುನರ್ಪುಳಿಯ ಕುಲದ್ದೇ. ಇನ್ನೊಂದು ಸಾರಲ್ಲಿ ಹಂದಿಯ ಬದಲು ಕೋಳಿ, ಹಲಸಿನ ಬದಲು ‘ಉಬಾದ್’. ಉಬಾದ್ ಅಂದರೆ ಬಾಳೆದಿಂಡು! ದಿಂಡು ಹೆಚ್ಚುವಾಗ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ಎಳೆಯುತ್ತೇವಲ್ಲ, ಅಲ್ಲೂ ಹಾಗೇ. ನಾನು ಮೊದಲ ಸಲ ನೋಡಿದಾಗ ಇಳಿಗೆಮಣೆ ಒಂದು ಇರಲಿಲ್ಲ, ಅಷ್ಟೇ.

ಈಗ ಯೋಚನೆ ಮಾಡಿ. ತೊಗರಿ ಇದೆ, ಹಲಸಿನಕಾಯಿ ಇದೆ, ದಿಂಡು ಇದೆ, ಉಪ್ಪಾಗೆಯ ತಂಗಿಯಂಥ ಹುಳಿ ಇದೆ, ತೆಂಗು ಎಲ್ಲೆಲ್ಲೂ ಇದೆ. ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ಹುಳಿಪುಡಿ, ಸ್ವಲ್ಪ ಸಾಸಿವೆ, ಇಂಗು ಇಟ್ಟುಕೊಳ್ಳಿ. ನಾಲ್ಕನೇ ದಿನ ಅಡುಗೆಮನೆಗೆ ನೀವೇ ಇಳಿಯಿರಿ. ಅಜ್ಜಿ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರಲಿ. ಹಂದಿ ಇಲ್ಲದ ಕೆ.ಬಿ.ಎಲ್. ನೋಡಿ ಅವರು ನಗುವುದು ಖಂಡಿತ. ಒಗ್ಗರಣೆ ಸಿಡಿದಾಗ ಕೆಮ್ಮುವುದೂ ಖಂಡಿತ. ‘ಅಮ್ಮ ಇದನ್ನ ಹೇಗೆ ಮಾಡ್ತಿದ್ರು?’ ಅಂತ ಯಜಮಾನರು ಬಾಗಿಲಲ್ಲಿ ನಿಂತು ಕೇಳಿದರೆ, ಉತ್ತರ ಒಂದು ವಾಕ್ಯದಲ್ಲಿ ಮುಗಿಯಲ್ಲ. ಫೋನಿನ ರೆಕಾರ್ಡರ್ ಆನ್ ಮಾಡಿ ಅಲ್ಲೇ ಕಟ್ಟೆ ಮೇಲೆ ಇಡಿ. ಕ್ಯಾಮೆರಾ ಹಿಡಿದು ‘ಕುಟುಂಬದ ಇತಿಹಾಸ ಹೇಳಿ’ ಅಂದರೆ ಯಾವ ಅಜ್ಜಿಯೂ ಬಾಯಿ ಬಿಡಲ್ಲ.

ಇನ್ನೊಂದು ಒಳ್ಳೆಯ ಉಪಾಯ ಹಳೆಯ ಫೋಟೋ. ಅತ್ತೆಯ ಪೆಟ್ಟಿಗೆಯಲ್ಲಿ ಇರುವುದನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಫೋನಿನಲ್ಲಿ ತೋರಿಸಬೇಡಿ. ಮೇಜಿನ ಮೇಲೆ ಹರಡಿ, ಪೆನ್ಸಿಲ್ ಇಟ್ಟುಬಿಡಿ. ಹೋಗಿ ಬರುವವರೆಲ್ಲ ಹಿಂದೆ ಹೆಸರು ಬರೆಯುತ್ತಾರೆ, ಅದರ ಮೇಲೆ ಜಗಳವನ್ನೂ ಆಡುತ್ತಾರೆ. ಜಗಳದಲ್ಲಿ ಬರುವ ಮಾಹಿತಿಯೇ ಗಟ್ಟಿ.

ನಿಮಗೆ ಸಂಬಂಧಿಸಿದ ಎರಡು ಮಾತು. ಒಂದು, ಊರಿನ ಮಕ್ಕಳು ನಿಮ್ಮನ್ನು ‘ಬುಂಬಾಯ್’ ಅನ್ನಬಹುದು. ಅಲ್ಲಿ ಭಾರತೀಯರಿಗೆಲ್ಲ ಅದೇ ಹೆಸರು. ಬೈಕಿನಲ್ಲಿ ಮನೆಮನೆಗೆ ಬಂದು ಐದು ಕೊಟ್ಟು ಆರು ವಸೂಲು ಮಾಡುವ ಪಂಜಾಬಿ ಬಡ್ಡಿ ವ್ಯಾಪಾರಿಗಳಿಂದ ಆ ಹೆಸರಿಗೆ ಸ್ವಲ್ಪ ಕಹಿಯೂ ಅಂಟಿದೆ. ತಮಾಷೆ ಅಂದರೆ ಆ ಕಡೆ ದೊಡ್ಡ ಈರುಳ್ಳಿಗೂ ‘ಬೊಂಬಾಯ್’ ಅಂತಾರೆ. ಅಲ್ಲಿಗೆ ಹೋದ ಮೊದಲ ಭಾರತೀಯರು ಈ ಬಡ್ಡಿ ವ್ಯಾಪಾರಿಗಳಲ್ಲ. 1762ರಲ್ಲಿ ಬ್ರಿಟಿಷರು ಮನಿಲಾ ಹಿಡಿಯಲು ಮದ್ರಾಸಿನಿಂದ ಸಿಪಾಯಿಗಳನ್ನು ಹಡಗಿನಲ್ಲಿ ಒಯ್ದರು. 1764ರಲ್ಲಿ ವಾಪಸ್ ಹೊರಟಾಗ ಕೆಲವರು ಮನಿಲಾ ಹತ್ತಿರದ ಕೈಂತಾ ಎಂಬಲ್ಲಿ ಉಳಿದುಬಿಟ್ಟರು, ಅಲ್ಲಿಯ ಹೆಣ್ಣುಗಳನ್ನೇ ಮದುವೆಯಾದರು. ನಿಮ್ಮದೂ ಅಂಥದ್ದೇ ಒಂದು ಸಂಸಾರ, ದಿಕ್ಕು ಬೇರೆ.

ಎರಡು, ‘ಎಲ್ಲಿಗೆ ಹೊರಟೆ?’ ಅಂತ ಎಲ್ಲರೂ ಕೇಳುತ್ತಾರೆ. ನಾನು ಲಾಸ್ ಬಾನ್ಯೊಸ್‌ಗೆ ಹೋದ ಹೊಸದರಲ್ಲಿ ಪಕ್ಕದ ಮನೆಯವರು ದಿನಾ ‘ಸಾನ್ ಕಾ ಪುಪುನ್ತಾ?’ ಅನ್ನುತ್ತಿದ್ದರು. ನಮ್ಮಜ್ಜಿ ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು, ‘ದೂರ ಹೊರಟ್ರಾ’ ಅನ್ನಬೇಕು ಅಂತ ಬೆಳೆಸಿದವರು. ಇವಳಿಗೇಕೆ ಊರ ಉಸಾಬರಿ ಅಂತ ನಾನು ಆರು ತಿಂಗಳು ಮುಖ ಗಂಟಿಕ್ಕಿಕೊಂಡೇ ಓಡಾಡಿದೆ. ಅದು ಪ್ರಶ್ನೆಯೇ ಅಲ್ಲ, ನಮ್ಮ ‘ಊಟ ಆಯ್ತಾ’ ಇದ್ದ ಹಾಗೆ ಅಂತ ಗೊತ್ತಾದ ಮೇಲೆ ನಾಚಿಕೆ ಆಯ್ತು. ‘ಜಾನ್ ಲಾಂಗ್’ ಅಂದರೆ ಮುಗೀತು, ‘ಹೀಗೇ ಇಲ್ಲೇ’ ಅಂತ. ಹಾಂ, ಇನ್ನೊಂದು: ನಮ್ಮಲ್ಲಿ ಸೋದರತ್ತೆ ಮಗನನ್ನು ಮದುವೆ ಆಗುತ್ತಾರೆ ಅಂತ ಊಟದ ಮಧ್ಯೆ ಖುಷಿಯಿಂದ ಹೇಳಲು ಹೋಗಬೇಡಿ. ಅಲ್ಲಿ ಅಣ್ಣತಂಗಿಯರ ಮಕ್ಕಳ ಮದುವೆಗೆ ಕಾನೂನಿನಲ್ಲೇ ಜಾಗ ಇಲ್ಲ. ಚಮಚಗಳೆಲ್ಲ ಗಾಳಿಯಲ್ಲೇ ನಿಂತುಬಿಡುತ್ತವೆ.

ದುಡ್ಡಿನ ವಿಷಯ. ಕೇಳುತ್ತಾರಾ? ಒಂದಿಬ್ಬರು ಕೇಳಬಹುದು. ಆದರೆ ಅದಕ್ಕೆ ಮೊದಲು ಒಂದು ಲೆಕ್ಕ ನೋಡಿ. ಅಮೆರಿಕಕ್ಕೆ ಹೋದ ಒಬ್ಬ ನರ್ಸ್ ತಿಂಗಳು ತಿಂಗಳು ಮನೆಗೆ ಹಣ ಕಳಿಸದೇ ಇರುವುದು ಅಪರೂಪ. ಅಲ್ಲಿರುವ ಸಿಮೆಂಟಿನ ಗೋಡೆಯೋ, ಯಾರದೋ ಕಾಲೇಜಿನ ಫೀಸೋ ನಿಮ್ಮ ಅತ್ತೆಯದ್ದೇ ಇರಬಹುದು. ಹಾಗೇ ಅವರು ನರ್ಸಿಂಗ್ ಓದಲು ಈ ಅಕ್ಕನೇ ಹೊಲಕ್ಕೆ ಇಳಿದಿರಬಹುದು. ಇದಕ್ಕೆ ತಗಾಲೊಗ್‌ನಲ್ಲಿ ‘ಉತಾಂಗ್ ನಾ ಲೊಒಬ್’ ಅಂತಾರೆ. ಪದಕ್ಕೆ ಪದ ಇಟ್ಟರೆ ‘ಒಳಗಿನ ಸಾಲ’. ನಾವು ಋಣ ಅನ್ನುತ್ತೇವೆ. ಯಾರು ಯಾರಿಗೆ ಋಣಿ ಅಂತ ಗೊತ್ತಿಲ್ಲದೆ ‘ದುಡ್ಡು ಕೇಳೋ ನೆಂಟರು’ ಅಂತ ತೀರ್ಮಾನ ಮಾಡಿಬಿಡಬೇಡಿ.

ವ್ಯವಹಾರಕ್ಕೆ ಹೇಳುವುದಾದರೆ: ಗಂಡ ಹೆಂಡತಿ ಇಬ್ಬರೂ ಕೂತು ಒಂದು ಮೊತ್ತ ಇಲ್ಲೇ ನಿಗದಿ ಮಾಡಿ. ಕಳೆದರೂ ಬೇಜಾರಾಗದಷ್ಟು ಇರಲಿ. ಅದರಲ್ಲಿ ದೊಡ್ಡ ಪಾಲನ್ನು ಒಂದೇ ಕವರಿನಲ್ಲಿ ದೊಡ್ಡಮ್ಮನ ಕೈಗೆ, ಯಾರೂ ಇಲ್ಲದಾಗ, ಯಜಮಾನರೇ ಕೊಡಲಿ. ಯಾರಿಗೆಷ್ಟು ಅಂತ ಅವರಿಗೆ ಗೊತ್ತು. ಸಾಲ ಅಂತ ಕೇಳಿದವರಿಗೆ ಸಾಲ ಕೊಡಬೇಡಿ, ಆಗುವಷ್ಟು ಸುಮ್ನೆ ಕೊಟ್ಟುಬಿಡಿ. ಕ್ರಿಸ್‌ಮಸ್ ಬೆಳಿಗ್ಗೆ ಮಕ್ಕಳು ಸಾಲಾಗಿ ಬಿಸಾ ಮಾಡಲು ಬರುತ್ತಾರೆ. ಅವರಿಗೆ ಗರಿಗರಿ ಹೊಸ ನೋಟು ಕೊಡುವ ಪದ್ಧತಿ. ಬ್ಯಾಂಕಿನಲ್ಲಿ ಮೊದಲೇ 50, 100 ಪೆಸೊ ನೋಟು ಮಾಡಿಸಿಟ್ಟುಕೊಳ್ಳಿ, ಲಕೋಟೆಗೆ ಹಾಕುವ ಕೆಲಸ ಮಗನಿಗೆ ಬಿಡಿ.

ಮನಿಲಾದಲ್ಲಿ ಒಂದು ದಿನ ಉಳಿಯುವುದಾದರೆ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋಗಿ, ಟಿಕೆಟ್ ಇಲ್ಲ. ಲಗುನಾ ತಾಮ್ರಪಟ ಅಲ್ಲಿದೆ. 1989ರಲ್ಲಿ ಸಿಕ್ಕಿದ್ದು. ಶಕ ವರ್ಷ 822, ವೈಶಾಖ ಮಾಸ ಅಂತ ಅದರಲ್ಲೇ ಬರೆದಿದೆ, ಅಂದರೆ ಕ್ರಿ.ಶ. 900. ಆ ದೇಶದಲ್ಲಿ ತಾರೀಖು ಸಮೇತ ಸಿಕ್ಕ ಅತಿ ಹಳೆಯ ಬರಹ ಅದು. ಏನಿದೆ ಗೊತ್ತಾ ಅದರಲ್ಲಿ? ಯುದ್ಧವೂ ಅಲ್ಲ, ದಾನಶಾಸನವೂ ಅಲ್ಲ. ಒಂದು ಮನೆತನದ ಚಿನ್ನದ ಸಾಲ ತೀರಿತು, ಮಕ್ಕಳು ಮರಿ ಯಾರ ಮೇಲೂ ಇನ್ನು ಬಾಕಿ ಇಲ್ಲ ಅಂತ ಕೊಟ್ಟ ಚೀಟಿ.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಯಜಮಾನರ ಹಳೆಯ ಫಿಲಿಪೀನ್ಸ್ ಪಾಸ್‌ಪೋರ್ಟ್ ಅಥವಾ ಜನನ ಪತ್ರ ಜೊತೆಗಿರಲಿ. ಹಿಂದೆ ಆ ದೇಶದ ಪ್ರಜೆ ಆಗಿದ್ದವರು, ಜೊತೆಯಲ್ಲೇ ಬರುವ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ವೀಸಾ ಇಲ್ಲದೆ ಒಂದು ವರ್ಷ ಇರಬಹುದು. ಇದಕ್ಕೆ ‘ಬಾಲಿಕ್‌ಬಾಯನ್’ ಸೌಲಭ್ಯ ಅಂತಾರೆ. ‘ಬಾಲಿಕ್’ ಅಂದರೆ ಮರಳು, ‘ಬಾಯನ್’ ಅಂದರೆ ಊರು. ಕೆಲವು ದೇಶಗಳ ಪಾಸ್‌ಪೋರ್ಟ್‌ಗೆ ಮಾತ್ರ ಇದು ಸಿಗಲ್ಲ. ನಿಮ್ಮದು ಯಾವ ಪಾಸ್‌ಪೋರ್ಟ್ ಅಂತ ಬರೆದಿಲ್ಲ, ಕಾನ್ಸುಲೇಟ್‌ನಲ್ಲಿ ಒಮ್ಮೆ ವಿಚಾರಿಸಿ. ಇಮಿಗ್ರೇಷನ್‌ನಲ್ಲಿ ನಾಲ್ವರೂ ಒಟ್ಟಿಗೇ ನಿಲ್ಲಿ, ಆ ಮೊಹರು ಬೇಕು ಅಂತ ಬಾಯಿಬಿಟ್ಟು ಕೇಳಿ. ಅಲ್ಲಿ ಇಳಿಯುವುದಕ್ಕೆ ಮುಂಚಿನ 72 ಗಂಟೆಯೊಳಗೆ ಇ-ಟ್ರಾವೆಲ್, ಅಂದರೆ ಅಲ್ಲಿನ ಸರ್ಕಾರದ ಆನ್‌ಲೈನ್ ಪ್ರಯಾಣಿಕರ ನೋಂದಣಿ, ಮಾಡಿ. ಅದು ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟ್‌ಗಳು ನಕಲಿ. ಇನ್ನು, 2003ರ ಒಂದು ಕಾಯ್ದೆಯ ಪ್ರಕಾರ ಯಜಮಾನರು ಅಲ್ಲಿನ ಪೌರತ್ವವನ್ನು ಮತ್ತೆ ಪಡೆಯಬಹುದು. ಹದಿನೆಂಟು ತುಂಬದ, ಮದುವೆಯಾಗದ ಮಕ್ಕಳನ್ನೂ ಜೊತೆಗೆ ಸೇರಿಸಬಹುದು. ಮಗಳಿಗೆ ಇನ್ನು ನಾಲ್ಕೇ ವರ್ಷ ಉಳಿದಿದೆ. ಆದರೆ ಇದನ್ನು ಹೋಗಿ ಬಂದ ಮೇಲೆ ಅವರ ಮನಸ್ಸು ನೋಡಿ ನಿರ್ಧರಿಸಿ.

ಮನೆತನ ಹುಡುಕುವ ಆಸೆ ಇದ್ದರೆ ಒಂದು ಎಚ್ಚರಿಕೆ. ಸ್ಪ್ಯಾನಿಷ್ ಅಡ್ಡಹೆಸರು ನೋಡಿ ಸ್ಪೇನಿನ ರಕ್ತ ಅಂದುಕೊಳ್ಳಬೇಡಿ. 1849ರಲ್ಲಿ ಕ್ಲಾವೆರಿಯಾ ಎಂಬ ಸ್ಪ್ಯಾನಿಷ್ ಗವರ್ನರ್ ಜನರಲ್ ಒಂದು ದೊಡ್ಡ ಹೆಸರುಪಟ್ಟಿ ಮಾಡಿಸಿ ಊರೂರಿಗೆ ಹಂಚಿದ. ತೆರಿಗೆ ವಸೂಲಿ ಸುಲಭ ಆಗಲಿ ಅಂತ. ಅಲ್ಬಾಯ್ ಪ್ರಾಂತ್ಯದ ಓಆಸ್ ಎಂಬ ಊರಲ್ಲಿ ಇವತ್ತಿಗೂ ಬಹಳ ಮಂದಿಯ ಹೆಸರು ಆರ್ ಅಕ್ಷರದಿಂದಲೇ ಶುರು. ನಮ್ಮ ಇನಿಷಿಯಲ್‌ನ ಹಾಗೆ, ಅಕ್ಷರ ನೋಡಿ ಊರು ಊಹಿಸಬಹುದಾದ ಕಡೆಗಳಿವೆ.

ಬೊರಾಕಾಯ್‌ಗೆ ಹೋಗಲೇಬೇಕು ಅಂತಿದ್ದರೆ ಕೊನೆಗೆ ಮೂರು ದಿನ ಇಡಿ. ಮಿಯಗಾವ್‌ನಿಂದ ಸಮುದ್ರದ ಪಕ್ಕದಲ್ಲೇ ಅರ್ಧ ದಿನದ ದಾರಿ. ನಿಮ್ಮ ಮಗಳ ವಯಸ್ಸಿನ ಇಬ್ಬರು ಮಕ್ಕಳನ್ನು ಅಲ್ಲಿಂದಲೇ ಜೊತೆಗೆ ಕರೆದುಕೊಂಡು ಹೋಗಿ. ದೊಡ್ಡವರ ಎದುರು ಬಾಯಿ ಬಿಡದ ಮಕ್ಕಳು ನೀರಿನಲ್ಲಿ ಬೇಗ ಸ್ನೇಹ ಆಗುತ್ತಾರೆ. ವಾಪಸ್ ವಿಮಾನಕ್ಕೆ ಎರಡು ದಿನ ಮೊದಲೇ ಮನಿಲಾದಲ್ಲಿರಿ. ಡಿಸೆಂಬರ್ ಅಂದರೆ ಚಂಡಮಾರುತ ಮುಗಿದ ಕಾಲ ಅಂತ ಲೆಕ್ಕ. ಆದರೆ 2019ರಲ್ಲಿ ಕ್ರಿಸ್‌ಮಸ್ ಹಿಂದಿನ ದಿನವೇ ಒಂದು ಚಂಡಮಾರುತ ಆ ಕಡೆಯ ದ್ವೀಪಗಳಿಗೆ ಹೊಡೆಯಿತು.

ಹೊರಡುವ ದಿನ ಬುತ್ತಿ ಕಟ್ಟಿಕೊಡುತ್ತಾರೆ. ‘ಬಾಲೊನ್’ ಅಂತ ಹೆಸರು. ಬೇಡ ಅನ್ನಬೇಡಿ. ಬಾಳೆಎಲೆಯ ಅಕ್ಕಿ ತಿಂಡಿಗಳನ್ನು ಮನಿಲಾ ಮುಟ್ಟುವುದರೊಳಗೆ ತಿಂದು ಮುಗಿಸಿ. ಬಿಸ್ಕೊಚೊ, ಬಾರ್ಕಿಯೋಸ್ ತರಹದ ಒಣ ತಿಂಡಿ ಅಮೆರಿಕದವರೆಗೂ ಬರುತ್ತೆ. ಮಿಯಗಾವ್‌ನ ಮಗ್ಗದ ಬಟ್ಟೆ ‘ಹಬ್ಲೊನ್’ ಒಂದೆರಡು ಕೊಳ್ಳಿ. ನಮ್ಮ ಇಳಕಲ್ ನೋಡಿದ ಕಣ್ಣಿಗೆ ಅದರ ಚೌಕಳಿ ಹಿಡಿಸುತ್ತೆ. ಹೋಗುವಾಗಲೇ ಒಂದು ಸೂಟ್‌ಕೇಸ್ ಅರ್ಧ ಖಾಲಿ ಇರಲಿ.

ಕೊನೆಗೆ ಪೆಟ್ಟಿಗೆ. ಬರಿಗೈಯಲ್ಲಿ ಹೋಗುವ ಮಾತೇ ಇಲ್ಲ. ದೂರದಿಂದ ಬಂದವರು ತರುವ ಉಡುಗೊರೆಗೆ ‘ಪಸಲುಬೊಂಗ್’ ಅಂತಾರೆ. ದುಬಾರಿ ವಸ್ತು ಬೇಡ. ಚಾಕೊಲೇಟು, ಕಾಫಿ ಪುಡಿ, ಟವಲು, ಸೋಪು, ವಿಟಮಿನ್ ಮಾತ್ರೆ, ಡಬ್ಬಿ ಮಾಂಸ, ಮಕ್ಕಳಿಗೆ ಶೂ. ನಿಮ್ಮ ಕಡೆಯಿಂದ ನಾಲ್ಕು ಗಂಧದ ಸೋಪು. ಪ್ರತಿಯೊಂದರ ಮೇಲೂ ಹೆಸರು ಬರೆದ ಚೀಟಿ ಅಂಟಿಸಿ. ಇವನ್ನೆಲ್ಲ ಸಮುದ್ರದ ಮೇಲೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗೆ ಬಾಲಿಕ್‌ಬಾಯನ್ ಬಾಕ್ಸ್ ಅಂತಲೇ ಹೆಸರು. ತೂಕ ನೋಡಲ್ಲ, ಪೆಟ್ಟಿಗೆಯ ಅಳತೆಗೆ ದರ. ತಲುಪಲು ಎರಡು ತಿಂಗಳಾದರೂ ಬೇಕು, ಹಬ್ಬದ ಕಾಲಕ್ಕೆ ಇನ್ನೂ ಜಾಸ್ತಿ. ಸೆಪ್ಟೆಂಬರ್ ಮುಗಿಯುವುದರೊಳಗೆ ಮನೆಯಿಂದ ಹೊರಡಲಿ.

ಅದಕ್ಕೆ ಮೊದಲು ಆ ಮೊಮ್ಮಗಳಿಗೆ ಒಂದು ಮೆಸೇಜ್ ಹಾಕಿ. ಮನೆಯಲ್ಲಿ, ಸುತ್ತಮುತ್ತ ಎಷ್ಟು ಮಕ್ಕಳಿದ್ದಾರೆ, ಒಬ್ಬೊಬ್ಬರೂ ಹಾಳೆಯ ಮೇಲೆ ಪಾದ ಇಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದು, ಒಳಗೆ ಹೆಸರು ಬರೆದು, ಯಾರ ಮಗ ಯಾರ ಮಗಳು ಅಂತ ಸೇರಿಸಿ ಫೋಟೋ ಕಳಿಸಲಿ ಅಂತ ಹೇಳಿ. ಶೂ ಅಳತೆಯೂ ಸಿಗುತ್ತೆ, ಯಜಮಾನರ ಅರ್ಧ ವಂಶವೃಕ್ಷವೂ ಸಿಗುತ್ತೆ.